ನೀರು ಮುಟ್ಟದ ಶುಕ್ರವಾರ

ಆ ಗುರುವಾರ ಕೋಲಾರದ ಚಿನ್ನದ ಗಣಿಯ ಕೆಲಸಗಾರರ ನಮ್ಮ ಲೈನುಮನೆಗಳ ನಲ್ಲಿಗೆ ನೀರು ತಡವಾಗಿ ಬಂತು. ಬೇಸಿಗೆ ಹತ್ತಿರವಾದ ಹಾಗೆಲ್ಲ ಬೇತಮಂಗಲದ ಕೆರೆಯಿಂದ ಬರುವ ನೀರಿನ ಧಾರೆ ಸಣ್ಣಗಾಗುತ್ತಿತ್ತು. ಕೊಡ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರು ತಮಿಳು, ತೆಲುಗು, ಕನ್ನಡ ಮೂರರಲ್ಲೂ ಜಗಳವಾಡುತ್ತಿದ್ದರು. ನಾನು ನೀರು ತಂದಿಟ್ಟು, ರಾಗಿ ಹಿಟ್ಟು ಜರಡಿ ಹಿಡಿದು, ಹುರುಳಿಕಾಳು ಬೇಯಲು ಹಾಕಿದೆ. ಮಧ್ಯಾಹ್ನ ಮೊದಲ ಶಿಫ್ಟು ಬಿಟ್ಟ ಗಣಿಯ ಸೈರನ್ ಕೂಗು ಕೇಳಿಸಿತು. ಸ್ವಲ್ಪ ಹೊತ್ತಿಗೆ ನನ್ನ ಗಂಡ ಊರಿಗಾಂ ಕಡೆಯ ಮಣ್ಣುದಾರಿಯಲ್ಲಿ ನಡೆದು ಬಂದರು. ಹಿತ್ತಲಲ್ಲಿ ಕೂತು ತಲೆಗೆ ನೀರು ಸುರಿದುಕೊಂಡರು. ಮೈಮೇಲಿನ ಗಣಿಯ ದೂಳು ಬೂದಿಬಣ್ಣದ ನೀರಾಗಿ ಚರಂಡಿಗೆ ಹರಿಯಿತು. ಮುದ್ದೆ ಉಂಡು, ಬಾಗಿಲ ಬಳಿ ಚಾಪೆ ಹಾಸಿ ಮಲಗಿದರು. ಎದ್ದ ಮೇಲೆ ಸಡಿಲವಾಗಿದ್ದ ಮಂಚದ ಹಗ್ಗ ಬಿಗಿಯುತ್ತ ಕೂತರು.

"ಭಾನ್ವಾರ ರೈಲತ್ತಿ ಬಂಗಾರಪೇಟೆಗೆ ಓಗಿ ಬರಾಣ. ನಿಮ್ಮಪ್ಪನ ಕೋಪ ಇಷ್ಟೊತ್ಗೆ ಇಳ್ದಿರ್ತದೆ" ಎಂದರು.

"ಕೋಪ ನಮ್ಮಪ್ಪನದಲ್ಲ, ನಿಮ್ಮದು. ಬರೋವಾಗ ಬಾಯ್ತುಂಬ ನೀರು ತುಂಬ್ಕೊಂಡು ಬನ್ನಿ" ಎಂದೆ.

ಅವರು ನಕ್ಕರು. ನಾನೂ ನಕ್ಕೆ. ಮಾರನೆಯ ದಿನದಿಂದ ಆ ಮನೆಯಲ್ಲಿ ಹಾಗೆ ನಗುವಂಥದ್ದು ಏನೂ ಆಗಲಿಲ್ಲ.

ನೀರಿನ ಮಾತಿಗೆ ಒಂದು ಕಾರಣವಿತ್ತು. ನನ್ನ ಗಂಡ ಬೂದಿಕೋಟೆ ಪಕ್ಕದ ಹಳ್ಳಿಯವರು. ಹುಡುಗನಾಗಿದ್ದಾಗಲೇ ಗಣಿ ಕೆಲಸಕ್ಕೆ ಬಂದವರು. ನಾನು ಬಂಗಾರಪೇಟೆಯವಳು, ಅಪ್ಪ ರೈಲ್ವೆ ಗ್ಯಾಂಗಿನಲ್ಲಿ ಕೆಲಸಕ್ಕಿದ್ದರು, ನಮ್ಮದು ಅಜ್ಜನ ಕಾಲದಿಂದ ಕ್ರೈಸ್ತರ ಮನೆ. ಮದುವೆಗೆ ಮುಂಚೆ ಇವರು ದೀಕ್ಷಾಸ್ನಾನ ತೆಗೆದುಕೊಂಡರು. ಆದರೆ ಸಾರಾಯಿ ಬಿಡಲಿಲ್ಲ. ಕುಡಿದ ದಿನ ಅವರ ಕೈ ಅವರ ಮಾತು ಕೇಳುತ್ತಿರಲಿಲ್ಲ. ನನ್ನ ಬಲಗಿವಿ ಇಂದಿಗೂ ಸರಿಯಾಗಿ ಕೇಳಿಸುವುದಿಲ್ಲ. ಅಪ್ಪ ಅವರೊಡನೆ ಮಾತು ಬಿಟ್ಟದ್ದು ಅದಕ್ಕೇ.

ಆಗ ನಮ್ಮ ಸಭೆಯ ಉಪದೇಶಿಗಳು ಮನೆಗೆ ಬರತೊಡಗಿದರು. ಗಣಿಯ ಮೇಲ್ಗಡೆ ಕಚೇರಿಯಲ್ಲಿ ಹಾಜರಿ ಬರೆಯುವ ಕೆಲಸ ಅವರದು. ಸಂಜೆ ಮತ್ತು ಭಾನುವಾರ ಸಭೆಯ ಕೆಲಸ. ಬೈಯಲಿಲ್ಲ, ಹೆದರಿಸಲಿಲ್ಲ. ಹೊಸ್ತಿಲ ಮೇಲೆ ಕೂತು ಶಮೆದಮೆ ಎಂಬ ಒಂದೇ ಮಾತನ್ನು ತಿಂಗಳುಗಟ್ಟಲೆ ಹೇಳಿಕೊಟ್ಟರು. ಬೈಬಲು ಹೇಳುವ ಆತ್ಮದ ಫಲಗಳಲ್ಲಿ ಕಡೆಯದು ಅದು. ಆಸೆಯನ್ನೂ ಕೈಯನ್ನೂ ನಾಲಿಗೆಯನ್ನೂ ಹಿಡಿದಿಟ್ಟುಕೊಳ್ಳುವುದು. ಮನುಷ್ಯನ ಬಲದಿಂದ ಆಗುವುದಲ್ಲ, ಕೇಳಿಕೊಂಡರೆ ದೇವರು ಕೊಡುತ್ತಾನೆ ಎನ್ನುತ್ತಿದ್ದರು. ನನ್ನ ಗಂಡ ಕೇಳಿಕೊಂಡರು. ಮೊದಲು ಬೀಡಿ ಹೋಯಿತು, ಆಮೇಲೆ ಸಾರಾಯಿ. ಕೋಪ ಮಾತ್ರ ಹೋಗಲಿಲ್ಲ. ಅದಕ್ಕೆ ಅವರೇ ಒಂದು ಉಪಾಯ ಮಾಡಿಕೊಂಡರು. ಸಿಟ್ಟು ಬಂದ ಕೂಡಲೇ ಹಂಡೆಯಿಂದ ಒಂದು ಗುಟುಕು ನೀರು ಬಾಯಿಗೆ ಹಾಕಿಕೊಂಡು, ನುಂಗದೆ ಉಗುಳದೆ, ಸಿಟ್ಟು ಇಳಿಯುವ ತನಕ ಹಾಗೇ ನಿಲ್ಲುತ್ತಿದ್ದರು. ಕೆನ್ನೆ ಉಬ್ಬಿಸಿಕೊಂಡು ನಿಂತ ಅವರನ್ನು ನೋಡಿ ನನಗೆ ನಗು ತಡೆಯಲಾಗುತ್ತಿರಲಿಲ್ಲ. ನಾನು ನಕ್ಕರೆ ಅವರಿಗೂ ನಗು ಬಂದು ನೀರೆಲ್ಲ ಅಂಗಿಯ ಮೇಲೆ ಚೆಲ್ಲುತ್ತಿತ್ತು. ಆ ಕಾಲ ನಮ್ಮ ಮನೆ ಮನೆಯಾಗಿತ್ತು. ಅದನ್ನು ಕೊಟ್ಟದ್ದು ಉಪದೇಶಿಗಳ ಆ ಮಾತೇ. ಇದನ್ನು ಬರೆಯದಿದ್ದರೆ ನಾನು ಬರೆಯುವ ಉಳಿದದ್ದೂ ಅನ್ಯಾಯವಾಗುತ್ತದೆ.

ಗುರುವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ ನಡೆಯುತ್ತಿತ್ತು. ಹಾಡಿ, ವಾಕ್ಯ ಓದಿದ ಮೇಲೆ ಒಬ್ಬೊಬ್ಬರಾಗಿ ಎದ್ದು, ಆ ವಾರ ಯಾವ ಆಸೆಯನ್ನು ಗೆದ್ದೆವೆಂದು ಸಾಕ್ಷಿ ಹೇಳಬೇಕು. ಅದು ನಮ್ಮ ಕೂಟದ ರೂಢಿ. ಈಸ್ಟರಿಗೆ ಮುಂಚಿನ ಶ್ರಮೆಯ ಕಾಲ ಬಂತೆಂದರೆ ಸಾಕ್ಷಿಗಳು ದೊಡ್ಡವಾಗುತ್ತಿದ್ದವು. ಒಬ್ಬರು ಮಾಂಸ ಬಿಟ್ಟೆನೆಂದರೆ ಮುಂದಿನ ವಾರ ಇನ್ನೊಬ್ಬರು ಮಾಂಸದ ಜೊತೆ ಎಲೆಅಡಿಕೆಯನ್ನೂ ಬಿಟ್ಟಿರುತ್ತಿದ್ದರು. ಹೆಂಗಸರು ಹೂವು ಬಿಟ್ಟರು. ಬರಬರುತ್ತ ಅದೊಂದು ಪಂದ್ಯವಾಯಿತು. ಪಂದ್ಯವೆಂದು ಆಗ ಯಾರಿಗೂ ತೋಚಲಿಲ್ಲ, ನನಗೂ.

ಆ ಗುರುವಾರದ ಕೂಟ ನಮ್ಮ ಮನೆಯಲ್ಲೇ ಇತ್ತು. ವರ್ಕ್‌ಶಾಪಿನ ಒಬ್ಬರು ಎದ್ದು, "ಕಾಫಿ ಬಿಟ್ಟೆ. ಅವತ್ತಿಂದ ನನ್ನ ಹೆಂಡ್ತಿ ನನ್ನನ್ನೇ ಬಿಟ್ಟು ಓಗ್ತೀನಿ ಅಂತವ್ಳೆ, ಅಷ್ಟು ಸಿಡುಕ್ತೀನಂತೆ" ಎಂದರು. ಎಲ್ಲರೂ ನಕ್ಕರು. ಉಪದೇಶಿಗಳೂ ನಕ್ಕರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೇಳಿದರು:

"ಊಟ ಬಿಡೋದು, ಕಾಫಿ ಬಿಡೋದು ಎಲ್ಲರೂ ಮಾಡ್ತಾರೆ. ನಾಳೆಯಿಂದ ಶುಭ ಶುಕ್ರವಾರದ ತನಕ, ಪ್ರತಿ ಶುಕ್ರವಾರ ಹೊತ್ತು ಮುಳುಗೋವರೆಗೆ ನೀರೂ ಮುಟ್ಟದೆ ಇರೋಣ ಅಂತ ನನ್ನ ಮನಸ್ಸಲ್ಲಿದೆ. ದೇಹ ನಮ್ಮ ಮಾತು ಕೇಳುತ್ತೋ, ನಾವು ದೇಹದ ಮಾತು ಕೇಳ್ತೀವೋ, ಅವತ್ತು ಗೊತ್ತಾಗುತ್ತೆ. ಮನಸ್ಸಿದ್ದೋರು ಕೈ ಎತ್ತಿ."

ಎಲ್ಲರಿಗಿಂತ ಮೊದಲು ಎದ್ದದ್ದು ನನ್ನ ಗಂಡನ ಕೈ.

ನಮ್ಮ ಕೂಟದಲ್ಲಿ ಗಣಿಯ ಒಳಗಿಳಿಯುವವರು ಇವರು ಮತ್ತು ಇನ್ನೊಬ್ಬ ವಯಸ್ಸಾದವರು ಮಾತ್ರ. ಆ ಹಿರಿಯರು ಕೈ ಎತ್ತಲಿಲ್ಲ. ತಲೆ ತಗ್ಗಿಸಿ ಚಾಪೆಯ ಅಂಚು ಕೀಳುತ್ತ ಕೂತಿದ್ದರು. ಉಳಿದವರೆಲ್ಲ ಮೇಲಿನ ಕೆಲಸದವರು. ಒಳಗಿನ ಸೆಕೆ ಎಂಥದೆಂದು ನನ್ನ ಗಂಡ ಹೇಳುತ್ತಿದ್ದರು. ಆಳಕ್ಕೆ ಹೋದಷ್ಟೂ ಬಂಡೆಯೇ ಬಿಸಿ, ಅಂಗಿ ಬಿಚ್ಚಿ ಹಿಂಡಿದರೆ ಬೆವರು ಧಾರೆಯಾಗಿ ಬೀಳುತ್ತದೆ ಎಂದು. ನಾನು ಅಡಿಗೆ ಮನೆಯ ಬಾಗಿಲಲ್ಲಿ ನಿಂತು, "ಒಳಗಿಳಿಯೋರಿಗೆ ಇದಾಗಲ್ಲ ಅಯ್ಯನೋರೆ" ಎಂದೆ.

"ಬಲವಂತ ಏನೂ ಇಲ್ಲ ತಂಗಿ. ಆಗದವರು ಬಿಡಬಹುದು" ಎಂದರು.

ಕೂಟದಲ್ಲಿ ಅಷ್ಟು ಜನರ ಮುಂದೆ ಆಗುವುದಿಲ್ಲವೆನ್ನುವ ಗಂಡಸು ನನ್ನ ಗಂಡನಲ್ಲ. ಅವರು ನನ್ನ ಕಡೆ ಒಮ್ಮೆ ನೋಡಿದರು. ಸಾರಾಯಿ ಬಿಟ್ಟವನಿಗೆ ನೀರೇನು ದೊಡ್ಡದು ಎಂಬ ನೋಟ. ಬಲವಂತವಿರಲಿಲ್ಲ, ನಿಜ. ಮುಂದೆ ಎಲ್ಲರೂ ನನಗೆ ಹೇಳಿದ್ದೂ ಅದನ್ನೇ.

ಬೆಳಿಗ್ಗೆ ಅವರು ಹೊರಡುವಾಗ ನೀರಿನ ಕ್ಯಾನು ತುಂಬಿ ಕೈಗೆ ಕೊಟ್ಟೆ.

"ಇದ್ಯಾಕೆ?"

"ಕುಡೀಬೇಡಿ, ಜೊತೆಗಿಟ್ಕೊಂಡಿರಿ. ಬೇಕಾದ್ರೆ ಮುಖಕ್ಕೆ ಹಾಕ್ಕೊಳ್ಳಿ."

"ಜೊತೆಗಿದ್ರೆ ಅದು ನನ್ನೇ ನೋಡ್ತಾ ಕೂತಿರ್ತದೆ ಕಣೆ" ಎಂದು ಕ್ಯಾನನ್ನು ಹೊಸ್ತಿಲ ಪಕ್ಕ ಇಟ್ಟರು. "ಸಾಯಂಕಾಲ ಒಂದು ಹಂಡೆ ಕುಡಿತೀನಿ. ತುಂಬ್ಸಿಟ್ಟಿರು."

ಹೋದರು.

ನಮ್ಮೂರಲ್ಲಿ ಒಳಗೆ ಬಂಡೆ ಸಿಡಿದರೆ ಮೇಲೆ ಮನೆಯ ತಟ್ಟೆ ಲೋಟ ಅಲುಗುತ್ತವೆ. ಆಗ ಲೈನಿನ ಹೆಂಗಸರೆಲ್ಲ ಕೆಲಸ ಬಿಟ್ಟು ಗಣಿಯ ಬಾಯಿಯ ಕಡೆ ಓಡುತ್ತಾರೆ. ಆ ದಿನ ಏನೂ ಅಲುಗಲಿಲ್ಲ. ನಾನು ಬಟ್ಟೆ ಒಗೆದು ಹರವುತ್ತಿದ್ದೆ. ಇಬ್ಬರು ಗಂಡಸರು ಬಂದು ಬೇಲಿಯ ಹೊರಗೆ ನಿಂತರು. ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಅವರು ಬಾಯಿ ತೆರೆಯುವ ಮುಂಚೆಯೇ ನನಗೆ ಗೊತ್ತಾಯಿತು. ಆದರೂ, "ಬಂಡೆ ಬಿತ್ತಾ?" ಎಂದು ಕೇಳಿದೆ.

"ಇಲ್ಲಮ್ಮ. ಬಂಡೆ ಅಲ್ಲ" ಎಂದರು.

ಒಳಗಿನ ಬಿಸಿಗೆ ಮೈಯಲ್ಲಿ ನೀರಿನಂಶ ಹೋಗಿ ಪ್ರಾಣ ಹೋಗಿದೆಯೆಂದು ಆಸ್ಪತ್ರೆಯಲ್ಲಿ ಹೇಳಿದರು. ಮೈಮೇಲೆ ಒಂದು ಗಾಯವಿರಲಿಲ್ಲ. ತುಟಿ ಮಾತ್ರ ಒಣಗಿ ಬಿರಿದಿತ್ತು. ಸೆರಗನ್ನು ಒದ್ದೆ ಮಾಡಿ ತುಟಿ ಒರೆಸಿದೆ. ಉಪದೇಶಿಗಳು ಓಡಿ ಬಂದರು, ಮಂಡಿಯೂರಿ ಪ್ರಾರ್ಥನೆ ಮಾಡಿದರು. ಅಷ್ಟರಲ್ಲಿ ಹೊತ್ತು ಮುಳುಗಿತು. ಆಸ್ಪತ್ರೆಯ ಜಗಲಿಯಲ್ಲಿ ಯಾರೋ ಅವರಿಗೆ ಒಂದು ಲೋಟ ನೀರು ತಂದುಕೊಟ್ಟರು. ಕುಡಿದರು. ಅವರೂ ಬೆಳಗಿನಿಂದ ಕುಡಿದಿರಲಿಲ್ಲ. ನೆರಳಲ್ಲಿ, ಕುರ್ಚಿಯ ಮೇಲೆ ಕೂತು, ಕುಡಿಯದೆ ಇದ್ದರು.

ಶನಿವಾರ ಮಣ್ಣು ಮಾಡಿದೆವು. ಬೂದಿಕೋಟೆಯಿಂದ ಬೆಳಗಿನ ಬಸ್ಸಿಗೆ ಅತ್ತೆ ಬಂದಿಳಿದರು. ಅವರು ತಮ್ಮ ಮನೆದೇವರನ್ನು ಬಿಟ್ಟವರಲ್ಲ. ಮಗ ನಮ್ಮ ದೇವರ ಕಡೆ ಬಂದಾಗ, "ಯಾವ ದೇವ್ರಾದ್ರೂ ಕುಡಿಯೋದು ಬಿಡ್ಸಿದ್ರೆ ಸಾಕು" ಎಂದಿದ್ದವರು. ಅಂಗಳದಲ್ಲಿ ಮಗನನ್ನು ಮಲಗಿಸಿದ್ದು ನೋಡಿದ್ದೇ ಎದೆ ಬಡಿದುಕೊಂಡು, ಅವನು ಹುಟ್ಟಿದ್ದರಿಂದ ಹಿಡಿದು ಒಂದೊಂದನ್ನೇ ಹೇಳಿ ಹಾಡಿ ಅಳತೊಡಗಿದರು. ಹಳ್ಳಿಯಲ್ಲಿ ಅಳುವುದೇ ಹಾಗೆ. ನಮ್ಮ ಸಭೆಯಲ್ಲಿ ಹಾಗೆ ಅಳಬಾರದು. ಕೂಟದವರು ಮುಖ ಮುಖ ನೋಡಿಕೊಂಡರು. ಉಪದೇಶಿಗಳು ಬಗ್ಗಿ ಮೆಲ್ಲಗೆ, "ಅಮ್ಮಾ, ಸಮಾಧಾನ ಮಾಡ್ಕೊಳ್ಳಿ. ನಿರೀಕ್ಷೆ ಇಲ್ಲದವರ ಹಾಗೆ ಅಳಬಾರದು" ಎಂದರು.

ಅತ್ತೆ ತಟ್ಟನೆ ಅಳು ನಿಲ್ಲಿಸಿದರು.

"ಯಾವ ನಿರೀಕ್ಷೆನಪ್ಪಾ? ಎದ್ದು ಬತ್ತಾನಾ? ಬರೋದಾದ್ರೆ ಹೇಳು, ಸುಮ್ಕಿರ್ತೀನಿ. ನನ್ನ ಮಗನ್ಗೆ ನಾನು ಅಳಾಕೂ ನಿನ್ನ ಅಪ್ಪಣೆ ಆಗ್ಬೇಕಾ? ಸಾರಾಯಿ ಬಿಡಿಸ್ದೆ ಅಂತ ನಿನ್ನ ಕಾಲಿಗೆ ಬಿದ್ದಿದ್ದೆ. ನೀರೂ ಬಿಡಿಸ್ತೀಯ ಅಂತ ಗೊತ್ತಿರ್ನಿಲ್ಲ ಕಣಪ್ಪ."

ಅತ್ತೆ ನನ್ನ ಕಡೆ ತಿರುಗಿ, "ನೀನ್ಯಾಕಮ್ಮಣ್ಣಿ ಕಲ್ಲಿನಂಗೆ ಕೂತಿದ್ದೀಯ? ಅಳು, ಅಳು" ಎಂದು ನನ್ನ ಬೆನ್ನಿಗೆ ಗುದ್ದಿದರು. ನನಗೆ ಅಳು ಬರಲಿಲ್ಲ. ಹಿಂದೆ ಕೂತಿದ್ದ ಸಭೆಯ ಹೆಂಗಸೊಬ್ಬರು ಪಕ್ಕದವರಿಗೆ, "ಎಂಥ ಶಮೆದಮೆ ನೋಡಿ ಈ ಹೆಣ್ಣುಮಗಳದು" ಎಂದದ್ದು ನನ್ನ ಎಡಗಿವಿಗೆ ಬಿತ್ತು. ಹೊಗಳಿಕೆಗೆ ಹೇಳಿದ್ದು. ಆ ಮಾತು ನನ್ನ ಮುಖಕ್ಕೆ ಉಗಿದ ಹಾಗೆ ಅನ್ನಿಸಿತು.

ಮಣ್ಣಾದ ಕೆಲವು ದಿನದ ಮೇಲೆ, ಒಳಗೆ ನನ್ನ ಗಂಡನ ಜೋಡಿ ಕೆಲಸ ಮಾಡುತ್ತಿದ್ದವರು ಮನೆಗೆ ಬಂದರು. ತೆಲುಗಿನವರು, ಇವರಿಗಿಂತ ಚಿಕ್ಕವರು. ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತರು.

"ಅಕ್ಕಾ, ಎಷ್ಟು ಸಾರಿ ಅಂದೆ, ತಾಗು ಅನ್ನಾ, ಒಂದು ಗುಟುಕು ಕುಡಿ ಅಂತ. ನಿಮ್ಮ ದೇವ್ರು ಇಷ್ಟು ಕೆಳಗೆ ಬಂದು ನೋಡಾಕಿಲ್ಲ ಅಂದೆ. ನಕ್ಕರು. ಆಮೇಲೆ ನಗೂನೂ ನಿಂತೋಯ್ತು. ನನ್ನ ಕ್ಯಾನು ಬಾಯಿಗಿಟ್ರೆ ಹಲ್ಲು ಕಚ್ಕೊಂಡ್ರು. ಸರಿ, ಮೈಯಾದ್ರೂ ತಣ್ಣಗಾಗ್ಲಿ ಅಂತ ಇದ್ದಬದ್ದ ನೀರೆಲ್ಲ ತಲೆ ಮೇಲೆ ಸುರಿದೆ."

"ಆಮೇಲೆ?"

"ಆಮೇಲೆ ಅವರೇ ಕೇಳಿದ್ರು ಅಕ್ಕಾ."

"ಏನು ಕೇಳಿದ್ರು?"

"ನೀರು. 'ನೀರು ಕೊಡೋ' ಅಂದ್ರು. ನನ್ನ ಕೈ ಹಿಡ್ಕೊಂಡು ಅಂದ್ರು. ಕ್ಯಾನು ಖಾಲಿ. ಆಚೆ ಗ್ಯಾಂಗಿನವರತ್ರ ಓಡ್ದೆ. ತಗೊಂಡು ಬರೋ ಅಷ್ಟರಲ್ಲಿ..."

ಮುಖ ಮುಚ್ಚಿಕೊಂಡು ಅತ್ತರು. ಅವರಿಗೆ ಒಂದು ಲೋಟ ನೀರು ಕೊಡಬೇಕೆಂದು ಎದ್ದೆ. ಹಂಡೆಯ ಮುಂದೆ ನಿಂತವಳಿಗೆ ಕೈ ಆಡಲಿಲ್ಲ.

ಆ ಮಾತು ನನ್ನನ್ನು ಕೊಂದಿತು, ಬದುಕಿಸಿತು ಕೂಡ. ಕಡೆಯ ಗಳಿಗೆಯಲ್ಲಿ ಅವರಿಗೆ ಬದುಕಬೇಕೆನ್ನಿಸಿತ್ತು. ಹಂಡೆ ತುಂಬಿಸಿಟ್ಟಿರು ಎಂದು ಹೇಳಿಹೋದ ಮನುಷ್ಯನೇ ಅಲ್ಲಿ ಮಲಗಿದ್ದದ್ದು, ಯಾರೋ ಸಂತನಲ್ಲ. ಅದು ಅವರ ಸೋಲೆಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಆ ವರ್ಷದ ಶುಭ ಶುಕ್ರವಾರ ನಾನು ದೇವಾಲಯಕ್ಕೆ ಹೋದೆ. ಮಧ್ಯಾಹ್ನದ ಮೂರು ತಾಸಿನ ಆರಾಧನೆ. ಶಿಲುಬೆಯ ಮೇಲೆ ಕರ್ತನು ಆಡಿದ ಏಳು ಮಾತುಗಳ ಮೇಲೆ ಒಬ್ಬೊಬ್ಬರು ಮಾತಾಡಬೇಕು. 'ನನಗೆ ಬಾಯಾರಿಕೆಯಾಗಿದೆ' ಎಂಬ ಮಾತು ಉಪದೇಶಿಗಳ ಪಾಲಿಗೆ ಬಂದಿತ್ತು. ಅವರು ಕರ್ತನ ಬಾಯಾರಿಕೆಯನ್ನು ಹೇಳಿ, ಅಲ್ಲಿಂದ ನಮ್ಮ ಸಭೆಯ ಸಹೋದರನೊಬ್ಬನ ಕಡೆ ಬಂದರು. ಕುಡುಕನಾಗಿದ್ದವನು, ಶಮೆದಮೆ ಕಲಿತವನು, ನೆಲದ ಹೊಟ್ಟೆಯ ಬೆಂಕಿಯಲ್ಲಿ ಕಡೆಯ ಉಸಿರಿನವರೆಗೂ ನೀರು ಕೇಳದೆ ಜಯಿಸಿದವನು. ಹೆಂಗಸರ ಸಾಲಿನಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಎಲ್ಲರೂ ನನ್ನ ಕಡೆ ನೋಡಿದರು.

ಆರಾಧನೆ ಮುಗಿದು, ಜನ ಗಂಜಿ ಕುಡಿಯಲು ಹೊರಗೆ ಹೋದಾಗ, ಅವರನ್ನು ಹುಣಸೆಮರದ ಹತ್ತಿರ ನಿಲ್ಲಿಸಿದೆ.

"ಅಯ್ಯನೋರೆ, ಅವರು ಕೇಳಿದ್ರು."

"ಏನು ಕೇಳಿದ್ರು ತಂಗಿ?"

"ನೀರು. ಜೊತೆಗಿದ್ದವರೇ ಬಂದು ಹೇಳಿದ್ರು."

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಬೇರೆ ಯಾರಿಗಾದ್ರೂ ಹೇಳಿದ್ದೀಯಾ?"

"ಇಲ್ಲ."

"ಹೇಳಬೇಡ ತಾಯಿ. ಮೈಮೇಲೆ ಜ್ಞಾನ ಇಲ್ಲದಾಗ ಆಡಿದ ಮಾತು ಅದು. ದೇವರು ಕ್ಷಮಿಸಿರ್ತಾನೆ."

"ಕ್ಷಮಿಸೋಕೆ ಏನಿದೆ ಅದರಲ್ಲಿ?"

"ಅವರನ್ನ ನೋಡಿ ಎಷ್ಟು ಜನ ಸಾರಾಯಿ ಅಂಗಡಿ ಕಡೆ ಹೋಗೋದು ಬಿಟ್ಟಿದ್ದಾರೆ, ನಿನಗೆ ಗೊತ್ತಲ್ಲ. ಅವರ ಸಾಕ್ಷಿ ಕೆಡೋದು ಬೇಡ. ನಾನು ಅವರ ಮರ್ಯಾದೆಗೇ ಹೇಳ್ತಿರೋದು."

"ಕರ್ತನೂ ಶಿಲುಬೆ ಮೇಲೆ ಬಾಯಾರಿಕೆ ಅಂದ ಅಲ್ವಾ? ಈಗ ತಾನೇ ನೀವೇ ಅದನ್ನ ಹೇಳಿದ್ರಿ."

"ಅದು ಬೇರೆ ತಂಗಿ. ಅದು ವಾಕ್ಯ ನೆರವೇರಬೇಕು ಅಂತ."

"ಇವರು ಕೇಳಿದ್ದು ಬಾಯಿ ಒಣಗಿತ್ತು ಅಂತ."

ಉಪದೇಶಿಗಳು ಕಣ್ಣು ಮುಚ್ಚಿಕೊಂಡರು. ತೆರೆದಾಗ ಅವು ಒದ್ದೆಯಾಗಿದ್ದವು. ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. "ಮನಸ್ಸು ಹಿಡಿದಿಟ್ಕೋ ತಂಗಿ. ನಾನು ನಿನಗೋಸ್ಕರ ದಿನಾ ಪ್ರಾರ್ಥನೆ ಮಾಡ್ತೀನಿ" ಎಂದು ಹೇಳಿ ಜನರ ಕಡೆ ನಡೆದರು. ನನ್ನ ಗಂಡ ಮಣ್ಣಾದ ಮೇಲಿನ ಶುಕ್ರವಾರಗಳಲ್ಲೇ ನೀರು ಬಿಡುವ ನೇಮ ಸದ್ದಿಲ್ಲದೆ ನಿಂತಿತ್ತು. ಯಾಕೆ ನಿಂತಿತೆಂದು ಯಾವ ಕೂಟದಲ್ಲೂ ಯಾರೂ ಸಾಕ್ಷಿ ಹೇಳಲಿಲ್ಲ.

ಲೈನುಮನೆ ಬಿಟ್ಟುಕೊಟ್ಟು ಬಂಗಾರಪೇಟೆಗೆ ಅಪ್ಪನ ಮನೆಗೆ ಬಂದೆ. ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅಪ್ಪ, ಅಳಿಯನ ಜೊತೆ ಕಡೆಗೂ ಮಾತಾಡಲಿಲ್ಲವೆಂದು ಕೊರಗುತ್ತ, ಬರುವ ಹೋಗುವ ರೈಲಿನ ಸದ್ದಿಗೆ ಕಿವಿಗೊಟ್ಟು ಜಗಲಿಯಲ್ಲಿ ಕೂತಿರುತ್ತಿದ್ದರು. ಅತ್ತೆ ವರ್ಷಕ್ಕೊಮ್ಮೆ ಅವರೆಕಾಯಿಯ ಗಂಟು ಹೊತ್ತು ಬೂದಿಕೋಟೆಯಿಂದ ಬರುತ್ತಿದ್ದರು. ಬಂದಾಗಲೆಲ್ಲ ಅಳುತ್ತಿದ್ದರು. ಅವರ ಜೊತೆ ಕೂತು ಅವರೆಕಾಯಿ ಸುಲಿಯುವಾಗ ನನ್ನ ಎದೆ ಸ್ವಲ್ಪ ಹಗುರವಾಗುತ್ತಿತ್ತು. ಸಭೆಯಲ್ಲಿ ಯಾರ ಜೊತೆ ಕೂತಾಗಲೂ ಹಾಗಾಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಅರವತ್ತರ ದಶಕದಲ್ಲಿ ಒಂದು ಶ್ರಮೆಯ ಕಾಲ, ಬಂಗಾರಪೇಟೆಯ ನಮ್ಮ ದೇವಾಲಯಕ್ಕೆ ಬೇರೆ ಊರಿನ ಬೋಧಕರೊಬ್ಬರು ಬಂದರು. ಹರೆಯದವರು, ಒಳ್ಳೆಯ ಮಾತುಗಾರರು. ಶಮೆದಮೆಯ ಮೇಲೆ ಮಾತಾಡುತ್ತ, ಕೋಲಾರದ ಚಿನ್ನದ ಗಣಿಯ ಒಬ್ಬ ವಿಶ್ವಾಸಿಯ ಕಥೆ ಹೇಳಿದರು. ಜೊತೆಗಾರರು ನೀರಿನ ಲೋಟ ತಂದು ಕೊಟ್ಟರಂತೆ, ಅವನು ಅದನ್ನು ಕೈಯಿಂದ ನೂಕಿದನಂತೆ, ಕೀರ್ತನೆ ಹಾಡುತ್ತ ಪ್ರಾಣ ಬಿಟ್ಟನಂತೆ. ನನ್ನ ಗಂಡನಿಗೆ ಹಾಡಲು ಬರುತ್ತಿರಲಿಲ್ಲ. ಕೂಟದಲ್ಲಿ ಎಲ್ಲರೂ ಹಾಡುವಾಗ ಬರೀ ಬಾಯಿ ಆಡಿಸುತ್ತಿದ್ದರು.

ಆರಾಧನೆ ಮುಗಿದು ಬಾಗಿಲಲ್ಲಿ ಕೈ ಮುಗಿಯುತ್ತ ನಿಂತಿದ್ದ ಬೋಧಕರಿಗೆ, "ನೀವು ಹೇಳಿದವರು ನನ್ನ ಗಂಡ. ಅವರು ಹಾಡಲಿಲ್ಲ. ನೀರು ಕೇಳಿದರು" ಎಂದೆ.

ಅವರು ನನ್ನನ್ನು ಮರುಕದಿಂದ ನೋಡಿದರು. "ಅದು ಬೇರೆ ಯಾರೋ ಇರಬೇಕಮ್ಮಾ" ಎಂದು ನನ್ನ ಹಿಂದಿದ್ದವರಿಗೆ ಕೈ ಮುಗಿದರು.

ನಾನು ಮನೆಗೆ ನಡೆದು ಬಂದೆ. ಅಪ್ಪನಿಗೆ ಹೇಳಿದೆ. "ಎಲ್ಲರ ಮುಂದೆ ಕೂಗಿ ಹೇಳ್ಬೇಕಾಗಿತ್ತು ಕಣವ್ವ" ಎಂದರು. ಕೂಗುವುದು ನನಗೆ ಯಾರೂ ಕಲಿಸಿರಲಿಲ್ಲ. ಕಲಿಸಿದ್ದೆಲ್ಲ ತಡೆದುಕೊಳ್ಳುವುದನ್ನೇ.

ಶಮೆದಮೆ ಸುಳ್ಳೆಂದು ನಾನು ಈಗಲೂ ಹೇಳಲಾರೆ. ಹೊಡೆಯುವ ಕೈಯನ್ನು ಅದು ತಡೆದದ್ದನ್ನು ಕಣ್ಣಾರೆ ಕಂಡವಳು. ಕೈ ತಡೆಯುವುದಕ್ಕೂ ಬಾಯಾರಿಕೆ ತಡೆಯುವುದಕ್ಕೂ ಇರುವ ವ್ಯತ್ಯಾಸವನ್ನು ಹೇಳಿಕೊಡುವವರು ನಮಗೆ ಸಿಗಲಿಲ್ಲ, ಅಷ್ಟೆ. ನಾನು ಈಗಲೂ ಪ್ರಾರ್ಥನೆ ಮಾಡುತ್ತೇನೆ, ಶ್ರಮೆಯ ಕಾಲದಲ್ಲಿ ಒಪ್ಪೊತ್ತು ಉಣ್ಣುತ್ತೇನೆ. ಆದರೆ ಶುಭ ಶುಕ್ರವಾರ ಎದ್ದ ಕೂಡಲೇ, ಮುಖ ತೊಳೆಯುವ ಮುಂಚೆ, ಒಂದು ಚೊಂಬು ನೀರು ಕುಡಿಯುತ್ತೇನೆ. ಭಕ್ತಿಯಿಂದಲ್ಲ, ಸಿಟ್ಟಿನಿಂದ. ಆ ಸಿಟ್ಟನ್ನು ಬಿಡಿಸೆಂದು ನಾನು ದೇವರನ್ನು ಕೇಳಿಕೊಂಡಿಲ್ಲ.

ಉಪದೇಶಿಗಳು ತೀರಿಹೋದರು. ಅತ್ತೆಯೂ ಅಪ್ಪನೂ ಹೋದರು. ಆ ತೆಲುಗಿನ ಜೊತೆಗಾರರು ಗಣಿ ಬಿಟ್ಟು ತಮ್ಮ ಊರಿಗೆ ಹೋದರೆಂದು ಕೇಳಿದೆ. ಸಭೆಗಳಲ್ಲಿ ಆ ಕಥೆಯನ್ನು ಈಗಲೂ ಹೇಳುತ್ತಾರೆ, ಪ್ರತಿ ಸಲ ಸ್ವಲ್ಪ ಬೇರೆಯಾಗಿ. ನನ್ನ ಗಂಡ ನೀರು ಕೇಳಿದರು ಎಂಬ ಮಾತು ಅದರಲ್ಲಿ ಇನ್ನೂ ಇಲ್ಲ.